ಹೆಸರು ಬಂದ ಸಾಲುಗಳನ್ನು ಬಿಟ್ಟು

ಪಾಸ್ಕಾಲಿಸ್ ತ್ಸಿಕೋಸನಿಗೆ ವಯಸ್ಸು ಇಪ್ಪತ್ತೇಳು. ತಲೆಗೂದಲಿಗೆ ಮಾತ್ರ ನಲವತ್ತು ಮುಟ್ಟುವ ಅವಸರ. ಕಸ್ತೋರಿಯಾದಲ್ಲಿ ಗಂಡಸಾಗಿ ಹುಟ್ಟಿದವನು ತುಪ್ಪಳದ ಚೂರು ಹೊಲಿಯಬೇಕು, ಇಲ್ಲವೇ ಸರೋವರದಲ್ಲಿ ಬಲೆ ಬೀಸಬೇಕು. ಇವನು ಸೂಜಿ ಹಿಡಿದರೆ ಬೆರಳು ತೂತಾಗುತ್ತಿತ್ತು, ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಮೇಷ್ಟ್ರಾಗೋಣವೆಂದು ಎರಡು ವರ್ಷ ಓದಿದ. ಮೂರನೆಯ ವರ್ಷಕ್ಕೆ, ‘ಈತನ ವಿಚಾರಗಳು ಶುದ್ಧವಾಗಿವೆ’ ಎಂದು ಪೊಲೀಸರು ಬರೆದುಕೊಡುವ ಪ್ರಮಾಣಪತ್ರ ಬೇಕಾಯಿತು. ಅವನ ವಿಚಾರಗಳೇನೋ ಶುದ್ಧವಾಗಿಯೇ ಇದ್ದವು, ಒಮ್ಮೆಯೂ ಬಳಸಿರಲಿಲ್ಲ. ಆದರೆ ಅಣ್ಣ ಥೋಮಾಸ್ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರ ಕೆಂಪುಪಡೆಯ ಜೊತೆ ಬೆಟ್ಟ ಹತ್ತಿದವನು, ನಲವತ್ತೊಂಬತ್ತರ ಆಗಸ್ಟಿನಲ್ಲಿ ಸೋತು ಗಡಿ ದಾಟಿದವನು. ತಾಷ್ಕೆಂಟಿನಲ್ಲಿದ್ದಾನೆ ಎಂದು ಒಬ್ಬರು ಹೇಳಿದರು, ಇಲ್ಲ ಎಂದು ಇನ್ನೊಬ್ಬರು. ಕಾಗದ ಮಾತ್ರ ಬರಲಿಲ್ಲ. ತಮ್ಮನಿಗೆ ಪ್ರಮಾಣಪತ್ರವೂ ಬರಲಿಲ್ಲ.

ಹಾಗಾಗಿ ಅವನು ‘ಫಾರೋಸ್’ ವಾರಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವವನಾದ. ಫಾರೋಸ್ ಎಂದರೆ ದೀಪಸ್ತಂಭ. ಊರಿನಲ್ಲಿ ದೀಪಸ್ತಂಭ ಇಲ್ಲದಿರುವುದು ಬೇರೆ ಮಾತು. ಕೆಳಗೆ ಮುದ್ರಣಾಲಯ, ಮೇಲೆ ಸಂಪಾದಕ ಕೀರ್, ಎಂದರೆ ಶ್ರೀಮಾನ್, ಮಿನಾಸ್ ವಲಾಲಾಸರ ಮನೆ. ಅವರು ಇವನನ್ನು ಇಟ್ಟುಕೊಂಡದ್ದು ಕರುಣೆಯಿಂದಲ್ಲ. ಇವನ ಅಕ್ಷರ ಮುತ್ತಿನಂತಿತ್ತು, ಬೇರೆಲ್ಲೂ ಹೋಗಲಾರ ಎಂಬುದೂ ಗೊತ್ತಿತ್ತು. ಕೀರ್ ಮಿನಾಸರಿಗೆ ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರು ನೆರಳಿನಂತೆ, ಅಕ್ಷರಗಳು ಇರುವೆಯಂತೆ ಕಾಣುತ್ತಿದ್ದವು. ಥೆಸ್ಸಲೋನಿಕಿಯ ಡಾಕ್ಟರ ಕತ್ತಿಗಿಂತ ಇರುವೆಗಳೇ ವಾಸಿ ಎನ್ನುತ್ತಿದ್ದರು. ಆದ್ದರಿಂದ ಬಂದ ಕಾಗದ ಓದಿ ಹೇಳುವುದು, ಅವರು ಹೇಳಿದ ಉತ್ತರ ಬರೆದುಕೊಳ್ಳುವುದು, ಶುದ್ಧಪ್ರತಿ ಮಾಡಿ ಅಂಚೆಗೆ ಹಾಕುವುದು ಪಾಸ್ಕಾಲಿಸನ ಪಾಲಿಗೆ ಬಂತು.

ಐವತ್ಮೂರರ ಏಪ್ರಿಲ್‌ನಲ್ಲಿ ಅಥೆನ್ಸಿನಿಂದ ಒಂದು ಕಾಗದ ಬಂತು. ಬರೆದವರು ಲೆಯಾಂದ್ರೊಸ್ ಜೋಗಾಸ್, ಈ ಊರಿನಿಂದಲೇ ಮೂರು ಸಲ ಸಂಸತ್ತಿಗೆ ಆರಿಸಿ ಹೋದವರು, ಕೀರ್ ಮಿನಾಸರಿಗೆ ಮೂವತ್ತು ವರ್ಷದ ಗೆಳೆಯ. ಮಿನಾಸರ ಒಬ್ಬನೇ ಮಗನನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ಸ್ಟೆರ್ಗಿಯೋಸ್ ಎಂದು ಹೆಸರಿಟ್ಟ ಧರ್ಮತಂದೆಯೂ ಅವರೇ. ಯುದ್ಧದ ನಡುವೆ ಅವರು ಸಂಸತ್ತಿನಲ್ಲಿ ನಿಂತು, ‘ಅಣ್ಣತಮ್ಮಂದಿರು ಕೂತು ಮಾತಾಡಲಿ’ ಎಂದರು. ‘ಇವನ ನಾಲಿಗೆಯೂ ಶತ್ರುವಿನ ಬಂದೂಕೇ’ ಎಂದು ಫಾರೋಸಿನಲ್ಲಿ ಮಿನಾಸ್ ಬರೆದರು. ಎರಡು ತಿಂಗಳೊಳಗೆ ಜೋಗಾಸ್ ಗಡೀಪಾರಾಗಿ ಒಂದು ಬೋಳು ದ್ವೀಪದ ಡೇರೆಯಲ್ಲಿದ್ದರು; ಅಲ್ಲೇ ಐದು ವರ್ಷ. ಅಷ್ಟರಲ್ಲಿ ಸ್ಟೆರ್ಗಿಯೋಸ್ ಸರ್ಕಾರಿ ಸೈನ್ಯದ ಸಮವಸ್ತ್ರದಲ್ಲಿ ವಿತ್ಸಿ ಬೆಟ್ಟದ ಮೇಲೆ ಸತ್ತಿದ್ದ. ಪಾಸ್ಕಾಲಿಸನ ಅಣ್ಣ ಗಡಿ ದಾಟಿದ ಅದೇ ಆಗಸ್ಟಿನಲ್ಲಿ, ಅದೇ ಬೆಟ್ಟದಲ್ಲಿ. ಇದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಪಾಸ್ಕಾಲಿಸ್ ಕಾಗದ ಬಿಡಿಸಿ ಓದತೊಡಗಿದ.

“‘ಮಿನಾ, ನಾನು ಬದುಕಿದ್ದೇನೆ. ಸ್ಟೆರ್ಗಿಯೋಸ್ ಹೋದ ಸುದ್ದಿ ದ್ವೀಪದಲ್ಲಿ ನನಗೆ...’”

ಊರುಗೋಲು ಟಪ್ಪೆಂದು ನೆಲಕ್ಕೆ ಬಡಿಯಿತು.

“ನಿಲ್ಸು! ಅವನ ಬಾಯಲ್ಲಿ ನನ್ನ ಮಗನ ಹೆಸರು ಬೇಡ. ಎಲ್ಲೆಲ್ಲಿ ಹೆಸರು ಬರುತ್ತೋ, ಎಲ್ಲೆಲ್ಲಿ ಹುಡುಗನ ಮಾತು ಬರುತ್ತೋ, ಅದನ್ನೆಲ್ಲ ಬಿಟ್ಟು ಓದು.”

“ಬಿಟ್ರೆ, ಕೀರ್ ಮಿನಾ...”

“ಬಿಟ್ರೆ ಏನು?”

“ಬಿಟ್ರೆ ‘ನಾನು ಬದುಕಿದ್ದೇನೆ’, ‘ನಿನ್ನ ಲೆಯಾಂದ್ರೊಸ್’, ಇಷ್ಟೇ ಉಳಿಯೋದು. ನಡುವೆ ಅಥೆನ್ಸಿನ ಟ್ರಾಮಿನ ಬಗ್ಗೆ ಒಂದು ಸಾಲಿದೆ.”

“ಸರಿ, ಟ್ರಾಮ್ ಓದು.”

ಟ್ರಾಮ್ ಓದಿದ್ದಾಯಿತು. ಕೀರ್ ಮಿನಾಸ್ ಕುದಿದುಹೋದರು. “ದೇಶ ಸುಟ್ಟು ಬೂದಿಯಾಯ್ತು, ಈ ಮಹಾನುಭಾವನಿಗೆ ಟ್ರಾಮಿನಲ್ಲಿ ಕೂರೋಕೆ ಜಾಗ ಸಿಗಲಿಲ್ಲವಂತೆ! ಬರಕೊಳ್ಳೋ!” ಎಂದು ಎರಡು ಪುಟ ಬೈಗುಳ ಬರೆಸಿದರು. ಅದರಲ್ಲಿ ವ್ಯಾಕರಣದ ಒಂದು ತಪ್ಪೂ ಇರಲಿಲ್ಲ.

ಶುದ್ಧಪ್ರತಿ ಮಾಡಲು ಪಾಸ್ಕಾಲಿಸ್ ತನ್ನ ಕೋಣೆಗೆ ಹೋದ. ಸರೋವರದ ದಂಡೆಯಲ್ಲಿ ಒಬ್ಬ ವಿಧವೆಯ ಮನೆಯ ಹಿಂಬದಿಯ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಮೇಜು, ಸೋಮವಾರ ಬೇಯಿಸಿದರೆ ಗುರುವಾರದವರೆಗೆ ಬರುವ ಒಂದು ಪಾತ್ರೆ ಹುರುಳಿಕಾಳು. ಅಣ್ಣ ಗಡಿಯಾಚೆ ಇರುವವನ ಮನೆಗೆ ಯಾರೂ ಬರುವುದಿಲ್ಲ. ಬಂದವರೂ ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ಬಿಟ್ಟ ಸಾಲುಗಳನ್ನು ಅವನು ಅಲ್ಲಿ ಕೂತು ಮತ್ತೆ ಓದಿದ. ‘ಹುಡುಗನನ್ನು ಎಲ್ಲಿ ಮಣ್ಣು ಮಾಡಿದಿರಿ? ಕಲ್ಲು ನಿಲ್ಲಿಸಿದಿರಾ? ಅಲ್ಲಿಂದ ನೀರು ಕಾಣುತ್ತದೆಯೇ? ಅವನಿಗೆ ನೀರೆಂದರೆ ಪ್ರಾಣವಾಗಿತ್ತು. ನೀನು ನನ್ನನ್ನು ಏನು ಬೇಕಾದರೂ ಅನ್ನು, ಇಷ್ಟು ಮಾತ್ರ ಹೇಳು.’

ಇಂಥ ಪ್ರಶ್ನೆಗೆ ಟ್ರಾಮಿನ ಬೈಗುಳವನ್ನು ಉತ್ತರವಾಗಿ ಕಳಿಸುವುದು ಹೇಗೆ? ಧೈರ್ಯವಿದ್ದವನಾಗಿದ್ದರೆ ಯಜಮಾನರಿಗೆ ಹೋಗಿ ಹೇಳುತ್ತಿದ್ದ. ಪಾಸ್ಕಾಲಿಸನಿಗೆ ಧೈರ್ಯವಿರಲಿಲ್ಲ, ಒಳ್ಳೆಯ ಅಕ್ಷರವಿತ್ತು. ಭಾನುವಾರ ಸ್ಮಶಾನಕ್ಕೆ ಹೋಗಿ ಎಲ್ಲವನ್ನೂ ನೋಡಿಕೊಂಡು ಬಂದ. ‘ಮೇಲಿನ ಸಾಲಿನಲ್ಲಿ, ಎರಡು ಸೈಪ್ರೆಸ್ ಮರಗಳ ನಡುವೆ. ಕಲ್ಲಿನ ಎಡಮೂಲೆ ಚಳಿಗೆ ಒಡೆದಿದೆ. ತುಳಸಿಯಂಥ ವಾಸಿಲಿಕೋಸ್ ಗಿಡದ ಕುಂಡವಿದೆ. ನಿಂತರೆ ನೀರು ಕಾಣುತ್ತದೆ, ಕೂತರೆ ಕಾಣುವುದಿಲ್ಲ’ ಎಂದು ಬರೆದು, ಕೆಳಗೆ ‘ಮಿನಾಸ್’ ಎಂದು ಹಾಕಿ, ಬೈಗುಳದ ಬದಲು ಅದನ್ನೇ ಅಂಚೆಗೆ ಕೊಟ್ಟ.

ಹೋಗುವ ಪ್ರತಿ ಕಾಗದಕ್ಕೂ ಕಾರ್ಬನ್ ಪ್ರತಿ ಇಡಬೇಕೆಂದು ಯಜಮಾನರ ಕಟ್ಟುನಿಟ್ಟು. ಕಳ್ಳತನ ಮಾಡುವವನು ಸಾಕ್ಷಿಗೆ ಕಾರ್ಬನ್ ಇಡುತ್ತಾನೆಯೇ? ಪಾಸ್ಕಾಲಿಸ್ ಇಟ್ಟ, ತಾರೀಖು ಹಾಕಿ ಫೈಲಿಗೂ ಸೇರಿಸಿದ.

ಹೀಗೆ ತಿಂಗಳಿಗೊಂದು ಕಾಗದದಂತೆ ಒಂದೂವರೆ ವರ್ಷ ನಡೆಯಿತು. ಜೋಗಾಸ್ ಬರೆಯುತ್ತಿದ್ದುದೆಲ್ಲ ಹುಡುಗನ ಬಗ್ಗೆಯೇ: ಆರು ವರ್ಷದವನು ಸರೋವರದ ಮಂಜುಗಡ್ಡೆ ಒಡೆದು ಬಿದ್ದದ್ದು, ಗೆದ್ದ ಚುನಾವಣೆಯ ಮೆರವಣಿಗೆಯಲ್ಲಿ ತಮ್ಮ ಹೆಗಲ ಮೇಲೆಯೇ ನಿದ್ದೆಹೋದದ್ದು. ಅದೆಲ್ಲ ಬಿಟ್ಟರೆ ಕೀರ್ ಮಿನಾಸರ ಕಿವಿಗೆ ತಲುಪುತ್ತಿದ್ದುದು ಹವಾಮಾನ ಮತ್ತು ಜೋಗಾಸರ ತಂಗಿಯ ಬೆಕ್ಕು.

“ಎಂಥ ದಪ್ಪ ಚರ್ಮ ನೋಡು ಇವನದು! ನಾನು ಇಷ್ಟು ಉಗೀತೀನಿ, ಅವನು ಬೆಕ್ಕಿನ ಬಗ್ಗೆ ಬರೀತಾನೆ.”

ಆದರೂ ತಿಂಗಳ ಕೊನೆಗೆ ಕೋಲಿನಿಂದ ನೆಲ ಕುಟ್ಟಿ ಕೇಳುತ್ತಿದ್ದರು: “ಅಂಚೆಯವನು ಬಂದನೇನೋ? ಬೆಕ್ಕು ಸತ್ತಿತೋ ಇದೆಯೋ?”

ಪಾಸ್ಕಾಲಿಸನಂತೂ ಅಂಚೆಯವನ ಸೈಕಲ್ಲಿನ ಸದ್ದನ್ನು ಎರಡು ಬೀದಿ ಆಚೆಯಿಂದಲೇ ಗುರುತಿಸುತ್ತಿದ್ದ. ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಅವನಿಗೆ ಕಾಗದ ಬರೆಯುತ್ತಿದ್ದ. ಲಕೋಟೆಯ ಮೇಲೆ ಹೆಸರು ಬೇರೆಯವರದು, ಅಷ್ಟೇ. ‘ನಿನ್ನ ಕಾಗದ ಬಂದ ದಿನ ನಾನು ತಂಗಿಯ ಜೊತೆ ಜಗಳವಾಡುವುದಿಲ್ಲ’ ಎಂದು ಒಮ್ಮೆ ಬಂದಿತ್ತು. ಆ ಸಾಲನ್ನು ಹುರುಳಿಕಾಳಿನ ಜೊತೆ ಮೂರು ದಿನ ತಿಂದ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ, ಕಾಗದ ನಿಂತುಹೋದರೆ ಎಂಬುದು.

ಐವತ್ನಾಲ್ಕರ ಅಕ್ಟೋಬರಿನ ಕಾಗದದಲ್ಲಿ ಆ ಭಯ ಬಂದು ಕೂತಿತ್ತು. ‘ಊರಿಗೆ ಹೋಗಲು ನನಗೆ ಕೊನೆಗೂ ಅನುಮತಿ ಸಿಕ್ಕಿದೆ. ಸಂತ ಮಿನಾಸರ ದಿನ, ನಿನ್ನ ಹೆಸರಹಬ್ಬಕ್ಕೆ ಅಲ್ಲಿರುತ್ತೇನೆ. ಮೊದಲು ಸ್ಟೆರ್ಗಿಯೋಸನ ಹತ್ತಿರ ಹೋಗುತ್ತೇನೆ. ಆಮೇಲಿನದು ನಿನಗೆ ಬಿಟ್ಟದ್ದು. ಫಾರೋಸ್ ನನಗೆ ಇಲ್ಲಿಗೂ ಬರುತ್ತದೆ. ಪ್ರತಿ ವರ್ಷದ ಆ ಎರಡು ಸಾಲು ಈ ಸಲವೂ ಇದ್ದರೆ ಬಸ್ಸು ಹತ್ತಿ ವಾಪಸಾಗುತ್ತೇನೆ, ಬೇಸರವಿಲ್ಲ. ಇಲ್ಲದಿದ್ದರೆ ನಿನ್ನ ಮೆಟ್ಟಿಲು ಹತ್ತುತ್ತೇನೆ.’

ಮೊದಲ ಸಾಲು ಬಿಟ್ಟು ಉಳಿದದ್ದೆಲ್ಲ ಹೇಗೋ ಹುಡುಗನಿಗೇ ಅಂಟಿಕೊಂಡಿತ್ತು. ಆಜ್ಞೆಯ ಪ್ರಕಾರ ಪಾಸ್ಕಾಲಿಸ್ ಓದಿದ್ದು ಇಷ್ಟೇ: “‘ಊರಿಗೆ ಹೋಗಲು ನನಗೆ ಕೊನೆಗೂ ಅನುಮತಿ ಸಿಕ್ಕಿದೆ.’”

“ಬರಲಿ ಬರಲಿ,” ಎಂದರು ಕೀರ್ ಮಿನಾಸ್. “ಸರೋವರ ದೊಡ್ಡದಿದೆ, ಮುಳುಗೋಕೆ ಜಾಗ ಸಾಲದೇ ಇರಲ್ಲ.”

ಆ ಎರಡು ಸಾಲು ಇಡೀ ಊರಿಗೆ ಬಾಯಿಪಾಠವಾಗಿತ್ತು: ‘ಪುತ್ರಶೋಕದ ಕಾರಣ ಶ್ರೀ ಮಿನಾಸ್ ವಲಾಲಾಸರು ಹೆಸರಹಬ್ಬದಂದು ಯಾರನ್ನೂ ಬರಮಾಡಿಕೊಳ್ಳುವುದಿಲ್ಲ.’ ತನ್ನ ಹೆಸರಿನ ಸಂತನ ದಿನವೇ ಹೆಸರಹಬ್ಬ; ಅದಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಜನ ತಾವಾಗಿಯೇ ಹೋಗುತ್ತಾರೆ. ಬೇಡವೆನ್ನುವವರು ಪತ್ರಿಕೆಯಲ್ಲಿ ಹಾಕಿಸಬೇಕು. ಆ ಸಾಲಿನ ಮೊಳೆಗಳನ್ನು ಬಿಚ್ಚದೆ ದಾರದಿಂದ ಬಿಗಿದು ಪಾಸ್ಕಾಲಿಸ್ ಒಂದು ಖಾನೆಯಲ್ಲಿ ಇಟ್ಟಿದ್ದ. ಪ್ರತಿ ನವೆಂಬರ್ ಮೊದಲ ವಾರ ತೆಗೆದು ಪುಟಕ್ಕೆ ಕೂರಿಸುವುದಷ್ಟೇ ಕೆಲಸ.

ಈ ಸಲ ಖಾನೆ ಎಳೆದು ನೋಡುತ್ತ ನಿಂತ. ಕೂರಿಸಿದರೆ ಜೋಗಾಸ್ ಬರುವುದಿಲ್ಲ. ಡಿಸೆಂಬರಿನಲ್ಲಿ ಮತ್ತೆ ಕಾಗದ ಬರುತ್ತದೆ, ಜನವರಿಯಲ್ಲೂ ಬರುತ್ತದೆ. ಕೂರಿಸದಿದ್ದರೆ ಇಬ್ಬರು ಮುದುಕರು ಎದುರುಬದುರು ಕೂತ ಐದು ನಿಮಿಷದಲ್ಲಿ ಎಲ್ಲ ಬಯಲಾಗುತ್ತದೆ. ಲಾಭ ಯಾವ ಕಡೆಗಿದೆಯೆಂದು ಸಣ್ಣ ಮಗುವಿಗೂ ತಿಳಿಯುತ್ತಿತ್ತು. ಆದರೆ ಆ ಮನುಷ್ಯ ದೂರದಿಂದ ಸ್ಮಶಾನಕ್ಕೆ ಬಂದು, ನಿಂತು ನೀರು ನೋಡಿ, ಬಸ್ಸಿಗೆ ವಾಪಸಾಗುವುದನ್ನು ನೆನೆದರೆ ಪಾಸ್ಕಾಲಿಸನ ಕೈ ಓಡಲಿಲ್ಲ. ಇನ್ನೊಂದನ್ನೂ ಹೇಳಿಬಿಡಬೇಕು: ಅವನಿಗೆ ಆ ಮುಖವನ್ನು ಒಮ್ಮೆ ನೋಡಬೇಕಿತ್ತು. ಖಾನೆ ಮುಚ್ಚಿದ. ಕರಡನ್ನು ಯಜಮಾನರಿಗೆ ಓದಿ ಹೇಳುವಾಗ, ಪುಟದಲ್ಲಿಲ್ಲದ ಆ ಎರಡು ಸಾಲನ್ನು ನೆನಪಿನಿಂದಲೇ ಗಂಭೀರವಾಗಿ ಓದಿಬಿಟ್ಟ. ಕೀರಾ ಎವ್ಡೋಕಿಯಾ, ಎಂದರೆ ಯಜಮಾನಿತಿ, ಪಕ್ಕದ ಅಡುಗೆಮನೆಯಲ್ಲಿ ಈರುಳ್ಳಿ ಹುರಿಯುತ್ತಿದ್ದರು. ಅವರು ಗಂಡನ ಪತ್ರಿಕೆಯನ್ನು ಕಿಟಕಿಯ ಗಾಜು ಒರೆಸಲು ಬಳಸುತ್ತಿದ್ದರೇ ಹೊರತು ಓದುತ್ತಿರಲಿಲ್ಲ.

ಇಷ್ಟೆಲ್ಲ ಆಳವಾಗಿ ಯೋಚಿಸಿದವನು ಒಂದು ಸಣ್ಣ ವಿಷಯ ಮರೆತಿದ್ದ. ಬಾಗಿಲು ತೆರೆದರೆ ಅದು ಒಬ್ಬನಿಗೆ ಮಾತ್ರ ತೆರೆಯುವುದಿಲ್ಲ.

ಗುರುವಾರ ಬೆಳಗ್ಗೆ ಚರ್ಚಿನ ಪೂಜೆ ಬಿಟ್ಟ ಹತ್ತೇ ನಿಮಿಷಕ್ಕೆ ಔಷಧಿ ಅಂಗಡಿಯವರು ಮಿಠಾಯಿ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದರು. ಅವರ ಹಿಂದೆ ಉಣ್ಣೆ ವ್ಯಾಪಾರಿ, ಅವನ ಹೆಂಡತಿ, ಅವಳ ಇಬ್ಬರು ಅಕ್ಕಂದಿರು. ಐದು ವರ್ಷ ಮುಚ್ಚಿದ್ದ ಮನೆ ತೆರೆದಿದೆಯೆಂದು ಊರಿಗೆ ಊರೇ ಹೊರಟಿತ್ತು. ಕೀರಾ ಎವ್ಡೋಕಿಯಾ ಮೇಲಿನ ಕಿಟಕಿಯಿಂದ ಬಗ್ಗಿ ಕೂಗಿದರು:

“ಪಾಸ್ಕಾಲಿ! ಮೇಲೆ ಬಾರೋ! ಊರೇ ಬಂದು ಕೂತಿದೆ, ನಾನು ಏಪ್ರನ್ನಿನಲ್ಲಿದೀನಿ!”

ಹೊಸ್ತಿಲು ದಾಟಿ ‘ನೂರ್ಕಾಲ ಬಾಳಿ’ ಎಂದವರನ್ನು ವಾಪಸು ಕಳಿಸುವುದುಂಟೇ? ಕೀರ್ ಮಿನಾಸ್ ಕಪ್ಪು ಕೋಟು ತೊಟ್ಟು ಕುರ್ಚಿಯಲ್ಲಿ ಕಂಬದಂತೆ ಕೂತಿದ್ದರು. ಪಾಸ್ಕಾಲಿಸ್ ಹತ್ತಿರ ಬಂದಾಗ ಹಲ್ಲು ಕಚ್ಚಿಕೊಂಡೇ ಕೇಳಿದರು: “ಎಲ್ಲೋ ನನ್ನ ಎರಡು ಸಾಲು?”

“ಮರ್ತುಹೋಯ್ತು, ಕೀರ್ ಮಿನಾ.”

“ನನಗೆ ಓದಿ ಹೇಳೋವಾಗ ನೆನಪಿತ್ತಾ?”

ಪಾಸ್ಕಾಲಿಸ್ ತಟ್ಟೆ ಎತ್ತಿಕೊಂಡ. ಮನೆಯಲ್ಲಿದ್ದದ್ದು ಎರಡು ಜಾಡಿ ಕಿದೋನಿ ಹಣ್ಣಿನ ಮೊರಬ್ಬ, ಹನ್ನೆರಡು ಚಮಚ. ಒಬ್ಬರಿಗೆ ಒಂದು ಚಮಚ ಮೊರಬ್ಬ, ಒಂದು ಲೋಟ ನೀರು, ಗಂಡಸರಿಗೆ ಒಂದು ಗುಟುಕು ಮದ್ಯ. ಪಾಸ್ಕಾಲಿಸ್ ಚಮಚ ಕೊಡುವುದು, ಕಸಿದುಕೊಳ್ಳುವುದು, ತೊಳೆಯುವುದು, ಮತ್ತೆ ಕೊಡುವುದು ಮಾಡುತ್ತಿದ್ದ. ಪೊಲೀಸ್ ಕ್ಯಾಪ್ಟನ್ ಕೂಡ ಬಂದು ಸೋಫಾದ ನಡುವೆ ಕೂತು, ಮೊರಬ್ಬ ಚೆನ್ನಾಗಿದೆ ಎಂದರು.

ಹನ್ನೊಂದೂವರೆಗೆ ಬಾಗಿಲಲ್ಲಿ ಒಬ್ಬರು ನಿಂತರು. ಪಾಸ್ಕಾಲಿಸ್ ಎತ್ತರದ ಮನುಷ್ಯನನ್ನು ಊಹಿಸಿದ್ದ. ಬಂದವರು ಗಿಡ್ಡ, ಕಿವಿ ದೊಡ್ಡವು, ಶೂಗಳಿಗೆ ಸ್ಮಶಾನದ ಕೆಸರು. ಕ್ಯಾಪ್ಟನ್ ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡತೊಡಗಿದರು.

“ನೂರ್ಕಾಲ ಬಾಳು, ಮಿನಾ.”

ಮಿನಾಸರಿಗೆ ಮುಖ ಕಾಣಲಿಲ್ಲ, ದನಿ ಸಾಕಿತ್ತು. ಊರೆಲ್ಲ ಕಿವಿಯಾಗಿ ಕೂತಿತ್ತು.

“ಬಂದಿದ್ದೀಯ, ಕೂತ್ಕೊ,” ಎಂದರು.

ಜೋಗಾಸ್ ಕೂತು, ಚಮಚ ತೆಗೆದುಕೊಂಡರು. ತಟ್ಟೆ ಹಿಡಿದವನ ಕಡೆ ಅವರು ನೋಡಲಿಲ್ಲ. ತಟ್ಟೆ ಹಿಡಿದವನನ್ನು ಯಾರು ನೋಡುತ್ತಾರೆ?

“ಅಲ್ಲಿಗೆ ಹೋಗಿದ್ದೆ,” ಎಂದರು ಮೆಲ್ಲಗೆ. “ನೀನು ಬರೆದ ಹಾಗೇ ಇದೆ. ಕಲ್ಲಿನ ಎಡಮೂಲೆ. ನಿಂತರೆ ನೀರು ಕಾಣುತ್ತೆ, ಕೂತರೆ ಕಾಣಲ್ಲ. ಕೂತು ನೋಡಿದೆ.”

“ನಾನು ಬರೆದ ಹಾಗೆ,” ಎಂದರು ಮಿನಾಸ್.

“ಮೊದಲನೇ ಕಾಗದದಲ್ಲಿ. ಅದು ಬರದೇ ಹೋಗಿದ್ದರೆ ನಾನು ಎರಡನೇದು ಬರೀತಿರಲಿಲ್ಲ, ಮಿನಾ.”

ತಟ್ಟೆಯ ಮೇಲೆ ಚಮಚಗಳು ಗಿಲಿಗಿಲಿ ಅಂದವು. ಕೀರ್ ಮಿನಾಸ್ ಆ ಸದ್ದಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ, “ಹೌದು, ಬರೆಸಿದ್ದೆ,” ಎಂದರು.

ಜೋಗಾಸ್ ಅರ್ಧ ಗಂಟೆ ಕೂತು ಬಸ್ಸಿಗೆ ಹೊರಟರು. ಹೊರಡುವಾಗ ಮಿನಾಸ್ ಎದ್ದು ನಿಂತರು. ಕ್ಯಾಪ್ಟನ್ನಿಗೂ ಎದ್ದಿರಲಿಲ್ಲ.

ಮೂರು ಗಂಟೆಗೆ ಮನೆ ಖಾಲಿಯಾಯಿತು. “ಫೈಲು ತಗೊಂಡು ಬಾ,” ಎಂದರು ಕೀರ್ ಮಿನಾಸ್. “ಅವನದು, ನಿನ್ನದು, ಎಲ್ಲಾ. ಒಂದು ಸಾಲೂ ಬಿಡದ ಹಾಗೆ ಓದು.”

ಪಾಸ್ಕಾಲಿಸ್ ಓದಿದ. ಮಂಜುಗಡ್ಡೆ ಓದಿದ, ಮೆರವಣಿಗೆ ಓದಿದ. ಮೂರನೆಯ ಕಾಗದದಲ್ಲಿ ಹೀಗಿತ್ತು: ‘ಸುದ್ದಿ ತಿಳಿದ ನಲವತ್ತನೆಯ ದಿನ ಹುಡುಗನ ಹೆಸರಲ್ಲಿ ಗೋಧಿ ಬೇಯಿಸಬೇಕೆಂದು ಹೊರಟೆ. ದ್ವೀಪದಲ್ಲಿ ಗೋಧಿಯಿಲ್ಲ. ದೋಣಿಯವನೊಬ್ಬ ಕೋಳಿಗೆಂದು ತಂದದ್ದರಲ್ಲಿ ಎರಡು ಹಿಡಿ ಕೊಟ್ಟ. ಡಬ್ಬದಲ್ಲಿ ಬೇಯಿಸಿದೆ. ಸಕ್ಕರೆಯಿರಲಿಲ್ಲ, ಒಬ್ಬರು ತಮ್ಮ ಒಣದ್ರಾಕ್ಷಿ ಕೊಟ್ಟರು. ಡೇರೆಯಲ್ಲಿ ನಾವು ಹನ್ನೊಂದು ಜನ. ಎಲ್ಲರೂ ತಿಂದು, ದೇವರು ಅವನನ್ನು ಮನ್ನಿಸಲಿ ಅಂದರು. ಅವರಲ್ಲಿ ಮೂವರಿಗೆ ದೇವರಲ್ಲಿ ನಂಬಿಕೆಯಿರಲಿಲ್ಲ, ಅವರೂ ಅಂದರು. ಸೈನಿಕನಿಗೆ ನಾವು ಹೀಗೆ ಮಾಡಿದೆವೆಂದು ಯಾರಿಗೂ ಹೇಳಿಲ್ಲ, ನಿನಗೇ ಮೊದಲು.’

ಬಾಗಿಲಲ್ಲಿ ಏನೋ ಬಿತ್ತು. ಕೀರಾ ಎವ್ಡೋಕಿಯಾ ಅಲ್ಲಿ ನಿಂತಿದ್ದರು; ಕೈಯಲ್ಲಿದ್ದ ಚಮಚಗಳು ನೆಲದ ಮೇಲಿದ್ದವು. ಅವರು ಗಂಡನನ್ನು ನೋಡಲಿಲ್ಲ.

“ನನಗೂ ಯಾರೂ ಓದಿ ಹೇಳಲಿಲ್ಲವಲ್ಲ, ಪಾಸ್ಕಾಲಿ,” ಎಂದರು. “ನಾನು ಪಕ್ಕದ ಕೋಣೇಲೇ ಇದ್ದೆ. ನಾನು ಅವನ ತಾಯಿ ಅಲ್ಲವೇನಪ್ಪಾ?”

ಒಂದೂವರೆ ವರ್ಷದಲ್ಲಿ ಪಾಸ್ಕಾಲಿಸ್ ಇಬ್ಬರು ಮುದುಕರ ದುಃಖವನ್ನು ಅಳೆದಿದ್ದ, ತನ್ನದನ್ನೂ ಅಳೆದಿದ್ದ. ಈರುಳ್ಳಿಯ ವಾಸನೆಯ ಹಿಂದೆ ಒಬ್ಬ ತಾಯಿ ಇದ್ದಾಳೆಂದು ಒಮ್ಮೆಯೂ ಹೊಳೆದಿರಲಿಲ್ಲ. ಆ ಕ್ಷಣ ಅವನಿಗೆ ಬೈಗುಳ ಬೇಕೆನಿಸಿತು. ಯಾರೂ ಬೈಯಲಿಲ್ಲ.

ಕೀರ್ ಮಿನಾಸ್ ಕೊನೆಯ ಕಾಗದದವರೆಗೂ ಕೇಳಿದರು. ಕಿಟಕಿಯಾಚೆ ಸರೋವರ ಬೂದುಬಣ್ಣಕ್ಕೆ ತಿರುಗುತ್ತಿತ್ತು.

“ಒಂದೂವರೆ ವರ್ಷ ಅವನು ನನ್ನ ಬಾಗಿಲು ತಟ್ಟಿದ್ದಾನೆ,” ಎಂದರು. “ಪ್ರತಿ ಸಲ ನೀನು ಹೋಗಿ ತೆರೆದಿದ್ದೀಯ. ನಾನು ಒಳಗೆ ಬೆಕ್ಕಿನ ಕತೆ ಕೇಳ್ತಾ ಕೂತಿದ್ದೆ.”

“ತಪ್ಪಾಯ್ತು, ಕೀರ್ ಮಿನಾ.”

“ತಪ್ಪು ಯಾರದು ಅಂತ ಕೇಳಿದ್ನಾ? ಬಿಟ್ಟು ಓದು ಅಂದೋನು ನಾನು. ಆದ್ರೆ ಕೇಳು. ನೀನು ಚೆನ್ನಾಗಿ ಬರೆದಿದ್ದೀಯ, ನನಗಿಂತ ಚೆನ್ನಾಗಿ. ನನ್ನ ಮಗನ ಬಗ್ಗೆ ನನಗಿಂತ ಚೆನ್ನಾಗಿ ಬರೆಯೋ ಹಕ್ಕು ನಿನಗಿರಲಿಲ್ಲ. ನಾಳೆಯಿಂದ ಮೊಳೆ ಮಾತ್ರ ಜೋಡಿಸು. ಕಾಗದ ಇವಳು ನೋಡ್ಕೋತಾಳೆ.”

ಕೆಲಸ ಉಳಿಯಿತು. ಹೆಸರಿಲ್ಲದವನಿಗೆ ಅದೇ ಅದೃಷ್ಟವೆಂದು ಪಾಸ್ಕಾಲಿಸ್ ತನಗೆ ತಾನೇ ದಿನಕ್ಕೆರಡು ಸಲ ಹೇಳಿಕೊಂಡ. ಡಿಸೆಂಬರಿನಲ್ಲಿ ಅಂಚೆಯವನು ಪರಿಚಿತ ಅಕ್ಷರದ ಲಕೋಟೆ ತಂದಾಗ ಅದನ್ನು ಮೇಲಕ್ಕೆ ಒಯ್ದು ಕೊಟ್ಟು ಇಳಿದುಬಂದ. ಜನವರಿಯಲ್ಲೂ ಹಾಗೆಯೇ. ಮೇಲಿನಿಂದ ಕೀರಾ ಎವ್ಡೋಕಿಯಾ ತಡವರಿಸುತ್ತ ಓದುವ ದನಿ ಕೇಳಿಸುತ್ತಿತ್ತು. ಹಲಗೆಯ ನೆಲ ದಾಟಿ ಬರುವಷ್ಟರಲ್ಲಿ ಮಾತೆಲ್ಲ ಸೋರಿಹೋಗಿ ಏರಿಳಿತ ಮಾತ್ರ ಉಳಿದಿರುತ್ತಿತ್ತು. ಒಮ್ಮೊಮ್ಮೆ ಕೋಲು ನೆಲ ಕುಟ್ಟುತ್ತಿತ್ತು. ಆದರೆ ಓದು ನಿಲ್ಲುತ್ತಿರಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಕೀರಾ ಎವ್ಡೋಕಿಯಾ ಕೆಳಗಿಳಿದು ಬಂದು, ಮೊಳೆಗಳ ಖಾನೆಯ ಪಕ್ಕ ನಿಂತರು.

“ಲೆಯಾಂದ್ರೊಸ್ ಒಂದು ಮಾತು ಕೇಳಿದಾನೆ. ಯಜಮಾನರು ನಿನಗೆ ಹೇಳಬೇಡ ಅಂದ್ರು. ಅದಕ್ಕೇ ಬಂದೆ.”

“ಏನಂತೆ?”

“‘ಮಿನಾ, ಈಚೆಗೆ ನಿನ್ನ ಕಾಗದಗಳು ಚಿಕ್ಕವಾಗಿವೆ. ಮೊದಲು ಬರೀತಿದ್ದ ಹಾಗೆ ಯಾಕೆ ಬರೆಯಲ್ಲ?’ ಅಂತ.”

“ಯಜಮಾನರು ಏನು ಬರೆಸಿದ್ರು?”

“‘ಮೊದಲು ನನಗೆ ಬರೆಯೋದು ಸುಲಭವಾಗಿತ್ತು’ ಅಂತ.” ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿದರು.

ಪಾಸ್ಕಾಲಿಸ್ ನರಿತೊಗಲಿನ ಧಾರಣೆಯ ಸಾಲು ಜೋಡಿಸುತ್ತಿದ್ದ. ದೂರದ ಅಥೆನ್ಸಿನಲ್ಲಿ, ದೊಡ್ಡ ಕಿವಿಯ ಒಬ್ಬ ಗಿಡ್ಡ ಮನು‌ಷ್ಯನಿಗೆ ತನ್ನ ಕಾಗದ ಬೇಕಾಗಿದೆ. ಯಾರ ಕಾಗದವೆಂದು ಆ ಮನುಷ್ಯನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅಷ್ಟಕ್ಕೇ ನಾಚಿಕೆಯಿಲ್ಲದೆ ಖುಷಿಪಟ್ಟ. ಸಂಜೆ ಕೋಣೆಗೆ ಹೋಗಿ, ಮೇಜಿನ ಮೇಲೆ ಕಾಗದ ಹರಡಿ, ಬೆನ್ನು ನೆಟ್ಟಗೆ ಮಾಡಿ ಕೂತ. ‘ಮಾನ್ಯರೇ’ ಎಂದು ಬರೆದು, ತನ್ನ ಹೆಸರಿನಲ್ಲಿ ಅವರಿಗೆ ಹೇಳುವಂಥದ್ದು ಏನಿದೆಯೆಂದು ಯೋಚಿಸುತ್ತ, ಹುರುಳಿಕಾಳು ಆರುವ ತನಕ ಕೂತಿದ್ದ.